ಬೆನ್ನ ಹಿಂದಿನ ಬೆರಳು

ಹೋದ ಸೋಮವಾರ ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ನಿಂತಿದ್ದೆ. ನಿಂತಿದ್ದೆ ಅನ್ನುವುದೇ ತಪ್ಪು, ನಾನು ಎಲ್ಲೂ ನಿಲ್ಲುವವಳಲ್ಲ. ಹಿಮ್ಮಡಿ ನೆಲಕ್ಕೆ ತಾಗಿಸದೆ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ಇದ್ದೆ. ಹಿಂದಿದ್ದ ಹೆಂಗಸು ಭುಜ ತಟ್ಟಿ, "ಏನಮ್ಮಾ, ಒಂದೇ ಪ್ಯಾಕೆಟ್ ಉಳ್ಕೊಂಡಿರೋದಾ?" ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ನನ್ನ ಬೆನ್ನಿನ ಕಡೆ ಕಣ್ಣಲ್ಲೇ ತೋರಿಸಿದರು. ನೋಡಿಕೊಂಡರೆ ನನ್ನ ಎಡಗೈ ಸೊಂಟದ ಹಿಂದೆ ಹೋಗಿ ಕೂತಿದೆ, ತೋರುಬೆರಳೊಂದು ನೆಟ್ಟಗೆ ಚಾಚಿದೆ.

"ಇಲ್ಲ, ಅದು ಶಾರ್ಟ್ ಸರ್ವ್," ಎಂದುಬಿಟ್ಟೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಬೆಳಬೆಳಿಗ್ಗೆ ಇಂಥವರ ಜೊತೆ ಮಾತು ಬೆಳೆಸಬಾರದು ಎಂದುಕೊಂಡಿರಬೇಕು.

ನಿಮಗಾದರೂ ಬಿಡಿಸಿ ಹೇಳುತ್ತೇನೆ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಸರ್ವ್ ಮಾಡುವವಳು ಮುಂದೆ, ಜೊತೆಗಾತಿ ಹಿಂದೆ. ಮುಂದಿರುವವಳು ಎದುರಾಳಿಯ ಮೇಲಿಂದ ಕಣ್ಣು ಕೀಳುವ ಹಾಗಿಲ್ಲ, ಬಾಯಿ ಬಿಟ್ಟರೆ ಆ ಕಡೆಯವರಿಗೂ ಕೇಳುತ್ತದೆ. ಹಾಗಾಗಿ ಎಡಗೈ ಮೊದಲು ಬೆನ್ನ ಹಿಂದೆ ಹೋಗಿ, ಏನು ಮಾಡಲಿದ್ದೇನೆಂದು ಬೆರಳಲ್ಲಿ ಹೇಳಿ, ಆಮೇಲೆ ಶಟಲ್ ಹಿಡಿದು ಮುಂದಕ್ಕೆ ಬರುತ್ತದೆ. ಒಂದು ಬೆರಳೆಂದರೆ ನೆಟ್ಟನ್ನು ಸವರಿಕೊಂಡು ಹೋಗುವ ಗಿಡ್ಡ ಸರ್ವ್. ಆಗ ಜೊತೆಗಾತಿ ಒಂದು ಹೆಜ್ಜೆ ಮುಂದೆ ಬಂದು ನನ್ನ ಬೆನ್ನಿಗೆ ನಿಲ್ಲಬೇಕು. ಎರಡು ಬೆರಳೆಂದರೆ ಎದುರಾಳಿಯ ತಲೆ ಮೇಲಿಂದ ಹಿಂದಕ್ಕೆ ಚಿಮ್ಮಿಸುವ ಫ್ಲಿಕ್. ಆಗ ನಾವಿಬ್ಬರೂ ಅಕ್ಕಪಕ್ಕ ಸರಿದು ತಲಾ ಅರ್ಧ ಅಂಕಣ ಕಾಯಬೇಕು. ಇಷ್ಟೇ ವಿದ್ಯೆ. ಹದಿನಾರು ವರ್ಷ ಇದನ್ನೇ ನಂಬಿ ಅನ್ನ ತಿಂದೆ, ಇದರಿಂದಲೇ ಬ್ಯಾಂಕಿನ ಕೆಲಸವೂ ಸಿಕ್ಕಿತು.

ಆಟ ಬಿಟ್ಟು ಒಂಬತ್ತು ವರ್ಷವಾದರೂ ಕೈಗೆ ಆ ಸುದ್ದಿ ಮುಟ್ಟಿಲ್ಲ. ಕಾಲಿಗಂತೂ ಇಲ್ಲವೇ ಇಲ್ಲ. ಒಗ್ಗರಣೆ ಹಾಕುವಾಗಲೂ ಮೊಣಕಾಲು ಸ್ವಲ್ಪ ಬಗ್ಗಿಸಿ, ಎಡಕ್ಕೂ ಬಲಕ್ಕೂ ಹಾರಲು ಸಿದ್ಧಳಾಗಿ ನಿಂತಿರುತ್ತೇನೆ. "ನೆಲಕ್ಕೇನು ಕೆಂಡ ಹಾಸಿದಾರೇನೇ?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಆಟಗಾರ್ತಿಯರಿಗೆಲ್ಲ ಹೀಗೇ ಎಂದು ಅವರಿಗೆ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ.

ಅವತ್ತು ಮಧ್ಯಾಹ್ನವೇ ಬ್ಯಾಂಕಿಗೆ ಫೋನ್ ಬಂತು. "ಲೇ ಗುಬ್ಬಿ, ಬದುಕಿದೀಯೇನೇ?" ಈ ಭೂಮಿಯ ಮೇಲೆ ನನ್ನನ್ನು ಊರಿನ ಹೆಸರು ಹಿಡಿದು ಕರೆಯುವವಳು ಒಬ್ಬಳೇ, ನೇತ್ರಾವತಿ. "ತುಮಕೂರಿನ ಸತ್ಯಮಂಗಲದಲ್ಲಿ ಹೊಸ ಕೋರ್ಟ್ ಆಗೈತೆ. ನಲವತ್ತು ದಾಟ್ದೋರಿಗೆ ಅಂತ ಭಾನುವಾರ ಟೂರ್ನಮೆಂಟ್ ಮಡಗವ್ರೆ. ನಂಗೆ ಜೊತೆ ಇಲ್ಲ. ಬತ್ತೀಯಾ?" ನಾನು ಹೂಂ ಅನ್ನುವ ಮೊದಲೇ ನಕ್ಕು, "ನನ್ ಕಣ್ಣು ಮೊದ್ಲೇ ಮಂಜು. ಬೆರಳು ಒಸಿ ದೊಡ್ಡದಾಗಿ ತೋರ್ಸು ಬುಡು," ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಫೋನ್ ಹಿಡಿದಿದ್ದವಳು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ನಾವಿಬ್ಬರೂ ಜೋಡಿಯಾಗಿದ್ದು ನಮ್ಮ ಊರುಗಳ ದೆಸೆಯಿಂದ. ಗುಬ್ಬಿಯಲ್ಲಿ ನಾನು ಆಟ ಕಲಿತದ್ದು ಕೊಬ್ಬರಿ ಗೋಡೌನಿನಲ್ಲಿ. ಅಪ್ಪ ಅಲ್ಲಿ ತೂಕದ ಕೆಲಸಕ್ಕಿದ್ದರು, ಮೂಟೆಗಳು ಖಾಲಿಯಾದ ತಿಂಗಳುಗಳಲ್ಲಿ ಹಗ್ಗ ಕಟ್ಟಿ ಆಡುತ್ತಿದ್ದೆವು. ಸೂರು ಗಿಡ್ಡ. ಸ್ವಲ್ಪ ಎತ್ತರಕ್ಕೆ ಹೊಡೆದರೂ ಶಟಲ್ ತೊಲೆಯ ಮೇಲೆ ಕೂತುಬಿಡುತ್ತಿತ್ತು, ಗಳದಲ್ಲಿ ತಿವಿದು ಇಳಿಸಬೇಕಿತ್ತು. ಹೀಗಾಗಿ ಹಗ್ಗದ ಮೇಲೆ ಒಂದಂಗುಲದಲ್ಲಿ ದಾಟಿಸುವುದೊಂದೇ ನನಗೆ ಬಂದ ಆಟ. ಈಗಲೂ ಕೊಬ್ಬರಿಯ ವಾಸನೆ ಬಂದರೆ ಮಣಿಕಟ್ಟು ತಾನಾಗಿ ಮೆತ್ತಗಾಗುತ್ತದೆ. ನೇತ್ರಾ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದವಳು. ಅವಳ ಕೋರ್ಟು ಬೆಟ್ಟದ ಬುಡದ ಸ್ಕೂಲ್ ಮೈದಾನ, ಮೇಲೆ ಸೂರೇ ಇಲ್ಲ, ಬೀಸುವ ಗಾಳಿ ಬೇರೆ. ಆ ಗಾಳಿ ಸೀಳಿಕೊಂಡು ಹೋಗುವಂತೆ ಹೊಡೆಯದಿದ್ದರೆ ಶಟಲ್ ತಿರುಗಿ ಅವಳ ಹಣೆಗೇ ಬರುತ್ತಿತ್ತಂತೆ. ಹೀಗೆ ನನಗೆ ಅರ್ಧ ಆಟ ಬರುತ್ತಿತ್ತು, ಅವಳಿಗೆ ಉಳಿದ ಅರ್ಧ.

ನಾನು ಒಂದು ರೈಲು ಹಿಡಿದು, ಅವಳು ಎರಡು ಬಸ್ಸು ಬದಲಿಸಿ, ತುಮಕೂರಿನ ಕೋರ್ಟಿನಲ್ಲಿ ಸೇರುತ್ತಿದ್ದೆವು. ಅಲ್ಲಿನ ಮೇಷ್ಟ್ರಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ. "ಗುಬ್ಬಿ ಮುಂದೆ, ಕುಣಿಗಲ್ ಹಿಂದೆ," ಎಂದು ಬಸ್ ಸ್ಟ್ಯಾಂಡಿನವರ ಹಾಗೆ ಕೂಗುತ್ತಿದ್ದರು. ನನಗೆ ಮೊದಮೊದಲು ಸರ್ವ್ ಮಾಡುವ ಮುನ್ನ ಹಿಂದೆ ತಿರುಗಿ ನೋಡುವ ಚಾಳಿ. ಒಂದು ದಿನ ಮೇಷ್ಟ್ರು ಹತ್ತಿರ ಬಂದು, "ಯಾಕಮ್ಮ, ಅವ್ಳೇನು ಓಡೋಯ್ತಾಳಾ? ಹಿಂದೆ ಅವ್ಳೇ ಇರ್ತಾಳೆ. ನೀನು ಬೆರಳು ತೋರ್ಸು ಸಾಕು," ಅಂದರು. ಅವತ್ತಿನಿಂದ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಬರಲಿಲ್ಲ, ಬೂಟಿನ ಸದ್ದಿನಲ್ಲೇ ಅವಳೆಲ್ಲಿದ್ದಾಳೆಂದು ತಿಳಿಯುತ್ತಿತ್ತು. ನೇತ್ರಾ ತರುತ್ತಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಬ್ಬರಿಗೂ ಆಗುತ್ತಿತ್ತು. ನಮ್ಮಮ್ಮ ಕಟ್ಟುತ್ತಿದ್ದ ಉಪ್ಪಿಟ್ಟನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ, ಪಾಪ.

ಆರು ವರ್ಷ ಜೊತೆಗೆ ಆಡಿದೆವು. ಜಿಲ್ಲೆ ಗೆದ್ದೆವು, ರಾಜ್ಯ ತಂಡಕ್ಕೆ ಬಂದೆವು, ರೈಲಿನ ಒಂದೇ ಬರ್ತಿನಲ್ಲಿ ತಲೆಗೊಬ್ಬಳು ಕಾಲಿಗೊಬ್ಬಳು ಮಲಗಿ ಊರೂರು ಸುತ್ತಿದೆವು. ಪೇಪರಿನಲ್ಲಿ ನಮ್ಮ ಹೆಸರು ಒಂಟಿಯಾಗಿ ಬಂದದ್ದೇ ಇಲ್ಲ, ನಡುವೆ ಒಂದು ಅಡ್ಡಗೀಟು ಇದ್ದೇ ಇರುತ್ತಿತ್ತು. ಆ ಗೀಟಿನ ಆಚೆ ಬೇರೆ ಹೆಸರು ಬರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಬೆಂಗಳೂರಿನ ಹದಿನೈದು ದಿನದ ಕ್ಯಾಂಪಿಗೆ ಕರೆ ಬಂತು. ನನಗೊಬ್ಬಳಿಗೇ ಬಂತು. ಅಲ್ಲಿನ ಕೋಚ್ ಮುಚ್ಚುಮರೆಯಿಲ್ಲದೆ ಹೇಳಿದರು, "ನಿನ್ ಪಾರ್ಟ್ನರ್ ಚೆನ್ನಾಗಿ ಹೊಡೀತಾಳೆ, ಓಡಲ್ಲ. ಇವಳ ಜೊತೆ ಆಡಿ ನೋಡು." ಇವಳು ಅಂದರೆ ಮೈಸೂರಿನ ಒಬ್ಬ ಹುಡುಗಿ, ಜಿಂಕೆಯ ಕಾಲಿನವಳು. ಆಡಿ ನೋಡಿದೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಅವಳ ಬೆರಳಿನ ಲೆಕ್ಕ ಮಾತ್ರ ನಮ್ಮದಕ್ಕೆ ತಿರುಗಾಮುರುಗಾ. ಒಂದು ಬೆರಳೆಂದರೆ ಫ್ಲಿಕ್, ಎರಡೆಂದರೆ ಗಿಡ್ಡ. ಹದಿನೈದು ದಿನ ಬೆಳಿಗ್ಗೆ ಸಂಜೆ ಅದೇ ರೂಢಿಯಾಯಿತು. ಕ್ಯಾಂಪ್ ಮುಗಿಯುವ ಹೊತ್ತಿಗೆ, ನೇತ್ರಾ ಜೊತೆ ರಾಜ್ಯ ಟೂರ್ನಮೆಂಟ್ ಒಂದು ಮುಗಿಸಿ ಬಂದು ಇವಳ ಜೋಡಿಯಾಗುತ್ತೇನೆಂದು ಒಪ್ಪಿಯೂ ಬಂದೆ.

ತುಮಕೂರಿಗೆ ಬಂದಾಗ ನೇತ್ರಾ ಕೇಳಿದಳು, "ಏನೇ ಮಾಡ್ಸುದ್ರು ಅಲ್ಲಿ?"

"ಏನಿಲ್ಲ ಕಣೇ, ಬರೀ ಫಿಟ್ನೆಸ್ಸು."

ಹೇಳಬೇಕೆಂದೇ ಇದ್ದೆ. ಟೂರ್ನಮೆಂಟ್ ಮುಗಿಯಲಿ, ಅವಳ ಮನಸ್ಸು ಕೆಡಬಾರದು ಎಂದುಕೊಂಡೆ. ಕೆಡಬಾರದು ಅಂದುಕೊಂಡದ್ದು ಯಾರ ಮನಸ್ಸು ಎಂದು ಈಗ ಕೇಳಿದರೆ ಉತ್ತರ ಕಷ್ಟ.

ಆ ಟೂರ್ನಮೆಂಟಿನ ಫೈನಲ್‌ನಲ್ಲಿ ಮೂರನೇ ಗೇಮ್. ಅವರು ಇಪ್ಪತ್ತು, ನಾವು ಹತ್ತೊಂಬತ್ತು, ಸರ್ವ್ ನಂದು. ಕೈ ಬೆನ್ನ ಹಿಂದೆ ಹೋಯಿತು, ಒಂದು ಬೆರಳು ತೋರಿಸಿತು. ನೇತ್ರಾಳ ಬೂಟು ಒಂದು ಹೆಜ್ಜೆ ಮುಂದೆ ಬಂದ ಸದ್ದು ಕೇಳಿತು. ನಾನು ಫ್ಲಿಕ್ ಮಾಡಿದೆ. ಶಟಲ್ ಇನ್ನೂ ಮೇಲೇರುತ್ತಿದ್ದಾಗಲೇ ನನಗೆ ತಿಳಿದುಹೋಯಿತು. ಕೈ ತೋರಿಸಿದ್ದು ಮೈಸೂರಿನವಳಿಗೆ ತೋರಿಸಬೇಕಾದ ಬೆರಳು. ನಾನು ಪಕ್ಕಕ್ಕೆ ಸರಿದಿದ್ದೆ, ನೇತ್ರಾ ನಟ್ಟನಡುವೆ ನನ್ನ ಬೆನ್ನು ಕಾಯಲು ಬಂದು ನಿಂತಿದ್ದಳು, ಅವಳು ಬಿಟ್ಟುಬಂದ ಪಕ್ಕ ಬಯಲಾಗಿತ್ತು. ಎದುರಿನವಳು ಅಲ್ಲಿಗೇ ಬಾರಿಸಿದಳು, ಇಪ್ಪತ್ತೊಂದಾಗಿ ಫೈನಲ್ ಅವರದಾಯಿತು.

ನಾನು ಬಾಯಿ ತೆರೆಯುವ ಮೊದಲೇ ನೇತ್ರಾ ನನ್ನ ತೋಳು ಹಿಡಿದು, "ನಂದೇ ತಪ್ಪು ಕಣೇ. ನೀನು ಎರಡು ಬೆರಳು ತೋರ್ಸಿದ್ದೆ ಅಲ್ವಾ? ನಂಗೆ ಒಂದೇ ಕಾಣ್ತು," ಅಂದಳು.

ಹೇಳಲು ಅದೇ ಹೊತ್ತಾಗಿತ್ತು. ನಾನು, "ಹೋಗ್ಲಿ ಬಿಡೇ," ಅಂದೆ. ತಪ್ಪು ಮಾಡಿದ್ದೂ ನಾನು, ಕ್ಷಮಿಸಿದ್ದೂ ನಾನು. ಇಂಥ ದೊಡ್ಡಸ್ತಿಕೆ ಎಲ್ಲಾದರೂ ಕಂಡಿದ್ದೀರಾ?

ನೇತ್ರಾ ಮಾರನೇ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಏನೋ ಚೂರು ಪವರ್ ಇದೆ ಎಂದರು. ಹುಡುಕಿಕೊಂಡು ಹೋದರೆ ಯಾರ ಕಣ್ಣಲ್ಲಿ ಇರುವುದಿಲ್ಲ? ಕನ್ನಡಕಕ್ಕೆ ಹಿಂದಿನಿಂದ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಆಡತೊಡಗಿದಳು. ಬೆವರಿಗೆ ಗಾಜು ಮಬ್ಬಾಗುತ್ತಿತ್ತು, ಪಾಯಿಂಟಿಗೊಮ್ಮೆ ಒರೆಸಿಕೊಳ್ಳುತ್ತಿದ್ದಳು. ನಾನು ಮೈಸೂರಿನವಳ ಜೊತೆ ಹೋದದ್ದಕ್ಕೂ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಕಣ್ಣಿಲ್ದೋಳ ಜೊತೆ ಎಷ್ಟ್ ದಿನ ಆಡ್ತೀಯ, ಹೋಗು," ಅಂದಳು. ಮೊದಲು ಕಣ್ಣು ಮುಚ್ಚಿ ಹೊಡೆಯುತ್ತಿದ್ದವಳು ಆಮೇಲೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡಿ ಹೊಡೆಯತೊಡಗಿದಳಂತೆ. ಈ ಆಟದಲ್ಲಿ ಎರಡನೇ ಸಲ ನೋಡಲು ಪುರಸೊತ್ತಿಲ್ಲ. ಎರಡು ವರ್ಷಕ್ಕೆ ಬಿಟ್ಟಳು. ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಪಿಟಿ ಟೀಚರ್ ಆದಳು.

ಅವಳು ಬಿಟ್ಟ ಮೇಲೂ ನಾನು ಎಂಟು ವರ್ಷ ಆಡಿದೆ. ವಿಮಾನ ಹತ್ತಿದೆ, ಹೆಸರು ಬಾಯಿಗೆ ಬರದ ಊರುಗಳಲ್ಲಿ ಅನ್ನ ಸಾರಿಗೆ ಹಂಬಲಿಸಿದೆ, ಗೆದ್ದದ್ದು ಕಡಿಮೆ, ಸೋತದ್ದು ಜಾಸ್ತಿ. ಕೊನೆಗೆ ಹಿಮ್ಮಡಿಯ ನರ ಹರಿದು ಮನೆಗೆ ಬಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟೂ ವರ್ಷ ಖುಷಿಯಾಗಿಯೇ ಇದ್ದೆ. ಸರ್ವ್ ಮಾಡುವ ಆ ಒಂದು ಕ್ಷಣ ಬಿಟ್ಟು. ಬೆರಳು ತೋರಿಸಿದ ಮೇಲೆ ಹಿಂದೆ ತಿರುಗಿ ನೋಡಬೇಕು ಅನ್ನಿಸುವ ಹಳೇ ಚಾಳಿ ಮತ್ತೆ ಅಂಟಿಕೊಂಡಿತ್ತು.

ಭಾನುವಾರ ಸತ್ಯಮಂಗಲಕ್ಕೆ ಹೋದೆ. ಮೊದಲು ನಟ್ಟು ಬೋಲ್ಟು ಮಾಡುತ್ತಿದ್ದ ಶೆಡ್ಡಂತೆ, ಈಗ ಹಸಿರು ಮ್ಯಾಟು ಹಾಸಿದ್ದಾರೆ. ಗ್ರೀಸಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ನೇತ್ರಾ ಬೆಂಚಿನ ಮೇಲೆ ಕೂತು ಕನ್ನಡಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟುತ್ತಿದ್ದಳು. ದಪ್ಪಗಾಗಿದ್ದಾಳೆ. ನನ್ನ ಕಾಲು ನೋಡಿ, "ಇನ್ನೂ ಕುಣೀತಾನೇ ಇದೀಯಲ್ಲೇ," ಅಂದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕ್ಯಾಂಪು, ಮೈಸೂರಿನವಳು, ಅವಳ ಬೆರಳಿನ ಲೆಕ್ಕ, ಫಿಟ್ನೆಸ್ಸು ಅಂದ ಸುಳ್ಳು, ಎಲ್ಲ. ಹತ್ತೊಂಬತ್ತು ವರ್ಷ ಹೊತ್ತದ್ದು ಎರಡು ನಿಮಿಷಕ್ಕೆ ಮುಗಿದುಹೋಯಿತು.

ನೇತ್ರಾ ಬೂಟಿನ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

"ಅಂದ್ರೆ ನಂಗೆ ಕಾಣ್ಸಿತ್ತು."

"ಹೂಂ. ಸರಿಯಾಗೇ ಕಾಣ್ಸಿತ್ತು."

"ಒಂದೇ ಬೆರಳು."

"ಒಂದೇ."

"ಸ್ಕೂಲ್ ಮಕ್ಳಿಗೆಲ್ಲ ಹೇಳ್ಕೊಂಡ್ ಬಂದಿದೀನಿ ಕಣೇ, ನನ್ ಕಣ್ಣಿಂದ ಫೈನಲ್ ಹೋಯ್ತು ಅಂತ. ನಮ್ಮವ್ವ ಸಾಯೋಗಂಟ ನನ್ ಕಣ್ಣಿಗೆ ಅಂತ ಹರಕೆ ಹೊತ್ಕೊಂಡಿದ್ಲು. ಒಂದ್ ಫೋನ್ ಮಾಡಕ್ಕಾಗ್ಲಿಲ್ವಾ ನಿಂಗೆ?"

ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು, ನಡುವೆ ಉಸಿರು ಕೂಡ ತೆಗೆದುಕೊಳ್ಳದೆ, ಒಂದೇ ಹೆಸರೆಂಬಂತೆ. ಅವಳು ಎದ್ದು ಹೋದಳು. ನಾನು ಹಿಂದೆ ಹೋದೆ. ಎದುರಿಗೆ ಇಬ್ಬರು ಕಾಲೇಜು ಲೆಕ್ಚರರುಗಳು, ಇಸ್ತ್ರಿ ಮಾಡಿದ ಟೀ ಶರ್ಟಿನವರು. ಮೊದಲ ಸರ್ವ್ ನನ್ನದೇ. ಗೆರೆಯ ಹತ್ತಿರ ನಿಂತೆ, ಕೈ ಬೆನ್ನ ಹಿಂದೆ ಹೋಯಿತು.

ಹಿಂದಿನಿಂದ ಮಾತು ಬಂತು. "ಬೆರಳು ಬ್ಯಾಡ. ಬಾಯಲ್ಲಿ ಹೇಳು."

"ಅವ್ರಿಗೂ ಕೇಳ್ಸುತ್ತೆ ಕಣೇ."

"ಕೇಳ್ಲಿ."

ನಾನು, "ಶಾರ್ಟ್," ಅಂದೆ. ಲೆಕ್ಚರರುಗಳು ಮುಖ ಮುಖ ನೋಡಿಕೊಂಡರು. ಶಾರ್ಟೇ ಮಾಡಿದೆ. ಮುಂದಿನದಕ್ಕೆ, "ಫ್ಲಿಕ್," ಅಂದೆ. ಫ್ಲಿಕ್ಕೇ ಮಾಡಿದೆ. ಆಟ ಪೂರ್ತಿ ಹೀಗೇ. ಅಂಪೈರ್ ಆಗಿದ್ದವರು ಇದು ನಿಯಮದಲ್ಲಿ ಉಂಟೋ ಇಲ್ಲವೋ ತಿಳಿಯದೆ ತಲೆ ಕೆರೆದುಕೊಂಡರು. ಎದುರಿನವರು ಮೊದಲು ನಕ್ಕರು, ಆಮೇಲೆ ಸುಲಭವಾಗಿ ಗೆದ್ದರು. ಎರಡು ಗೇಮಿನಲ್ಲೂ ನಮ್ಮದು ಹದಿಮೂರು ದಾಟಲಿಲ್ಲ. ಆದರೆ ಒಂದೊಂದು ಸಲ ನಾನು ಬಾಯಿಬಿಟ್ಟು ಹೇಳಿದಾಗಲೂ ಹಿಂದೆ ಆ ಬೂಟಿನ ಸದ್ದು ಎಲ್ಲಿರಬೇಕೋ ಅಲ್ಲೇ ಇತ್ತು. ನನಗೆ ಅಳು ಬಂತು. ಬೆವರು ಒರೆಸಿಕೊಳ್ಳುವ ಹಾಗೆ ಮಾಡಿ ಒರೆಸಿಕೊಂಡೆ.

ಕ್ಷಮಿಸಿದೆ ಎಂದು ನೇತ್ರಾ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕುಣಿಗಲ್ ಬಸ್ಸಿನ ತನಕ ಜೊತೆಗೆ ಹೋದೆ. ಮೆಟ್ಟಿಲು ಹತ್ತಿದವಳು ಕನ್ನಡಕ ತೆಗೆದು, ಗಾಜನ್ನು ಟವೆಲಿಗೆ ಒರೆಸಿ, ಹಾಕಿಕೊಳ್ಳದೆ ಬ್ಯಾಗಿಗೆ ಸೇರಿಸಿದಳು. "ಶನಿವಾರ ಪ್ರಾಕ್ಟೀಸ್ ಮಾಡಣ. ಸ್ಕೂಲ್ ಬಿಟ್ ಮೇಲೆ ಬತ್ತೀನಿ," ಅಂದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ, "ಬಾಯಿ ತಗೊಂಡ್ ಬಾ," ಅಂದಳು.

ಇವತ್ತು ಬೆಳಿಗ್ಗೆ ಹಾಲಿನ ಬೂತಿನಲ್ಲಿ ಮತ್ತೆ ಅದೇ ಹೆಂಗಸು ನನ್ನ ಹಿಂದೆ. ಕಾಲು ಕುಣಿಯುತ್ತಲೇ ಇತ್ತು, ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ. ಎಡಗೈ ಮಾತ್ರ ಚೀಲ ಹಿಡಿದು ಮುಂದೆಯೇ ಇತ್ತು. ಆಕೆಗೆ ಕುತೂಹಲ ತಡೆಯಲಾಗಲಿಲ್ಲ.

"ಏನಮ್ಮಾ, ಇವತ್ತು ಬೆರಳು ತೋರಿಸ್ಲಿಲ್ಲ?"

ತಿರುಗಿ ನೋಡಿದೆ. "ಬೇಡ ಅಂದಿದಾಳೆ."

"ಯಾರು?"

"ಹಿಂದೆ ನಿಂತ್ಕೊಳ್ಳೋಳು," ಅಂದೆ.