ಮೊದಲ ಗುದ್ದಲಿಯೂ ‘ಎಸ್ಟಾಪ್’ ಎಂಬ ಕ್ರಿಯಾಪದವೂ

2009ರಲ್ಲಿ ನಾನು ದೇವನಹಳ್ಳಿಯಲ್ಲಿ ಸಿವಿಲ್ ವಕೀಲನಾಗಿದ್ದೆ. ಪಕ್ಕದಲ್ಲೇ ವಿಮಾನ ಇಳಿಯತೊಡಗಿ ಜಮೀನಿನ ಬೆಲೆ ಗಗನಕ್ಕೇರಿತ್ತು. ಅಕ್ಕಪಕ್ಕದ ಹೊಲದವರು ಕೋರ್ಟಿನ ಜಗಲಿಯಲ್ಲಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದ ಕಾಲ ಅದು.

ಗುಲಾಬಿ ಬೆಳೆಯುವ ಜಯಮ್ಮ ಬಂದದ್ದು ಆಗಲೇ. ಆಕೆಯ ತೋಟಕ್ಕಿದ್ದ ಒಂದೇ ದಾರಿ ನೆರೆಯ ಕೆಂಪಣ್ಣನವರ ಜಮೀನಿನ ಅಂಚಿನಲ್ಲಿ ಹಾದುಹೋಗುತ್ತಿತ್ತು. ಅವರು ಬಾಯಿಮಾತಿನಲ್ಲಿ ಒಪ್ಪಿದ್ದನ್ನು ನಂಬಿ ಆಕೆ ಜಲ್ಲಿ ಹಾಕಿಸಿ, ಮೋರಿ ಕಟ್ಟಿಸಿ, ಆಮೇಲೆ ಗಿಡಗಳಿಗೆ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಎಬ್ಬಿಸಿದ್ದರು. ಈಗ ಕೆಂಪಣ್ಣ ದಾರಿಗೆ ಬೇಲಿ ಹಾಕಿ, ತಾನು ಒಪ್ಪಿಯೇ ಇರಲಿಲ್ಲ ಎನ್ನುತ್ತಿದ್ದರು. ಹೂವಿನ ವ್ಯಾನ್ ಒಳಗೆ ಬರುವಂತಿಲ್ಲ, ಗಿಡದಲ್ಲೇ ಹೂ ಬಾಡುತ್ತಿತ್ತು. ಕಾಗದಪತ್ರ ಏನೂ ಇಲ್ಲ. ಊರಿನವರು ಸಾಕ್ಷಿಗೆ ಬರಲೊಲ್ಲರು.

ನನ್ನ ಕೈಯಲ್ಲಿದ್ದದ್ದು ಒಂದು ಇಂಗ್ಲಿಷ್ ಕ್ರಿಯಾಪದ: ಎಸ್ಟಾಪ್. ಕೋರ್ಟಿನ ಹೊರಗೆ ಅದನ್ನು ಬಳಸುವವರು ಕಡಿಮೆ. ನಮ್ಮ ನಡತೆಯನ್ನು ನಂಬಿ ಇನ್ನೊಬ್ಬರು ಮುಂದುವರಿದ ಮೇಲೆ ನಾವು ಅದನ್ನು ಅಲ್ಲಗಳೆಯದಂತೆ ಕಾನೂನು ತಡೆಯುತ್ತದೆ. ಆಗ ನಾವು ‘ಎಸ್ಟಾಪ್’ ಆದೆವು ಎನ್ನುತ್ತಾರೆ.

“ಇಷ್ಟಕ್ಕೆ ಇಂಗ್ಲಿಷ್ ಯಾಕ್ ಸಾರ್? ಮಾತಿಗೆ ತಪ್ಪಬಾರ್ದು ಅಂದ್ರೆ ಸಾಲ್ದಾ?” ಎಂದರು ಜಯಮ್ಮ.

ಸಾಲದು, ಆ ನಡತೆಯನ್ನು ರುಜುವಾತು ಮಾಡಬೇಕಿತ್ತು.

ಪಾಟೀಸವಾಲಿನಲ್ಲಿ ಕೆಂಪಣ್ಣ ಗಟ್ಟಿಗರು. “ಆ ದಾರಿ ಕೆಲ್ಸ ನಂಗೊತ್ತೇ ಇಲ್ಲ ಸ್ವಾಮಿ, ಆ ಕಡೆ ತಲೇನೇ ಹಾಕಿಲ್ಲ” ಎಂದು ಹಿಡಿದ ಪಟ್ಟು ಬಿಡಲಿಲ್ಲ.

ಕೆಲಸ ಶುರುವಾಗುವ ಮೊದಲು ಗುದ್ದಲಿ ಪೂಜೆ ನಡೆದಿತ್ತೆಂದು ಜಯಮ್ಮ ಹೇಳಿದ್ದರು. ನಮ್ಮ ಸೀಮೆಯಲ್ಲಿ ಮೊದಲ ಗುದ್ದಲಿ ಹಾಕುವುದೆಂದರೆ ದೊಡ್ಡ ಮರ್ಯಾದೆ, ಅದಕ್ಕಾಗಿ ದಾಯಾದಿಗಳು ಮಾತು ಬಿಟ್ಟಿರುವುದೂ ಉಂಟು. ನಾನು ಮೆತ್ತಗೆ ಕೇಳಿದೆ: “ಹಾಗಾದ್ರೆ ಅವತ್ತು ಮೊದಲ ಗುದ್ದಲಿ ಹಾಕಿದ್ದು ನಿಮ್ಮ ದಾಯಾದಿ ಚಿಕ್ಕಣ್ಣನವರೇ ಇರ್ಬೇಕು?”

ಕೆಂಪಣ್ಣನ ಮೀಸೆ ಅದುರಿತು. “ಅವನ್ಯಾವನ್ರೀ? ಜಾಗ ನಂದು! ಪೇಟ ಸುತ್ಕೊಂಡು ಮೊದಲ್ ಗುದ್ದಲಿ ಹಾಕಿದ್ದು ನಾನು! ಇಡೀ ಊರೇ ನೋಡೈತೆ!”

ಅವರ ವಕೀಲರು ತಲೆಯ ಮೇಲೆ ಕೈ ಹೊತ್ತರು. ನ್ಯಾಯಾಧೀಶರು ನಗು ನುಂಗಿಕೊಂಡು ಬರೆಸಿಕೊಂಡರು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತ್ತು.

ತೀರ್ಪಿನಲ್ಲಿ ಆ ಕ್ರಿಯಾಪದ ಕೆಂಪಣ್ಣನ ಹೆಸರಿನ ಪಕ್ಕದಲ್ಲೇ ಬಂತು. ಬೇಲಿ ತೆಗೆದ ದಿನ ಜಯಮ್ಮ ಮೊದಲ ವ್ಯಾನಿನ ಮುಂದೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟರು.

ಶಬ್ದದ ಅರ್ಥ ಕಾನೂನು ಪುಸ್ತಕದಲ್ಲಿ ಸಿಗುತ್ತದೆ. ಅದನ್ನು ಗೆಲ್ಲಿಸಬೇಕಾದರೆ ಎದುರಿಗಿರುವವರಿಗೆ ಯಾವುದು ಮರ್ಯಾದೆ ಎಂಬುದು ಗೊತ್ತಿರಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದನ್ನೇ. ಜಯಮ್ಮನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಮರುವರ್ಷ ಅದೇ ದಾರಿಗೆ ಡಾಂಬರು ಹಾಕಿಸುವಾಗ ಮೊದಲ ಗುದ್ದಲಿಗೆ ಕೆಂಪಣ್ಣನವರನ್ನೇ ಕರೆದರು. ಅವರು ಪೇಟ ಸುತ್ತಿಕೊಂಡೇ ಬಂದರು. ಈ ಸಲ ನಾನು ಫೋಟೊಗ್ರಾಫರನ್ನೂ ಕರೆದುಕೊಂಡು ಹೋಗಿದ್ದೆ.