ನಗಾರಿ ಭಾವ ಮಾಂತ್ರಿಕರಾಗಲು ಹೊರಟಿದ್ದು

ನಮ್ಮ ಭಾವನನ್ನು ಪೇಟೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ನಗಾರಿ. ಹಳೇ ಸಾಮಾನಿನ ಹರಾಜು ಕೂಗುವುದು ಅವರ ಕೆಲಸ. ಮನೆ ಖಾಲಿ ಮಾಡಿದವರ ಮಂಚ, ಬೀರು, ಬಾಗಿಲು ಮುಚ್ಚಿದ ಆಫೀಸುಗಳ ಮೇಜು, ಫ್ಯಾನು, ಏನು ಬಂದರೂ ಸರಿ, ಭಾವ ಅದರ ಪಕ್ಕ ನಿಂತು ಒಂದು ಮಾತು ಬಿಟ್ಟರೆ ಸಾಕು, ಅದಿಲ್ಲದೆ ಇಷ್ಟು ದಿನ ಹೇಗೆ ಬದುಕಿದ್ದೆವೋ ಅಂತ ಜನಕ್ಕೆ ಅನ್ನಿಸಿಬಿಡುತ್ತಿತ್ತು. ಒಮ್ಮೆ ಕಾಲು ಅಲುಗಾಡುವ ಕುರ್ಚಿಯೊಂದನ್ನು ತೋರಿಸಿ, "ಇದನ್ನ ನೆಂಟರಿಗೆ ಹಾಕಿ ನೋಡಿ ಸ್ವಾಮಿ, ಹೋಗಿ ಅಂತ ನೀವು ಬಾಯಿಬಿಟ್ಟು ಹೇಳೋದೇ ಬೇಡ" ಅಂದಿದ್ದರು. ಆ ಕುರ್ಚಿಗೆ ಮೂವರು ಪೈಪೋಟಿಗೆ ಬಿದ್ದರು.

ಅಕ್ಕ ಇದಕ್ಕೆ ತದ್ವಿರುದ್ಧ. ಮಾತು ಅಂದರೆ ಅಳೆದು ಸುರಿದಂತೆ. "ನಾನು ಏನಾದ್ರೂ ಹೇಳಬೇಕಂದ್ರೆ ಇವರು ಉಸಿರು ತಗೊಳ್ಳೋವರೆಗೂ ಕಾಯಬೇಕು ಕಣೋ" ಅಂತ ನನ್ನ ಹತ್ತಿರ ದೂರುತ್ತಿದ್ದಳು. ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಭಾವ ಒಂದು ಹೊಲಿಗೆ ಮಷೀನಿನ ಮೇಲೆ ಕೈ ಇಟ್ಟುಕೊಂಡು ಹರಾಜು ಕೂಗುತ್ತಿದ್ದರು. ನಡುವೆ ಮಾತು ನಿಂತಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಇದೂ ನಗಾರಿಯ ಒಂದು ವರಸೆ ಇರಬೇಕು ಅಂದುಕೊಂಡ ಜನ ನಕ್ಕರು, ಒಬ್ಬರ ಮೇಲೊಬ್ಬರು ಬೆಲೆ ಏರಿಸಿದರು. ಅವರ ತುಟಿಯ ಒಂದು ಮೂಲೆ ಕೆಳಗೆ ಜಾರಿದ್ದನ್ನು ಸಾಮಾನು ಹೊರುವವನು ನೋಡಿ ಓಡಿಬಂದು ಹಿಡಿದುಕೊಂಡ. ಮೆದುಳಿಗೆ ರಕ್ತ ಹೋಗದೆ ಆದದ್ದು ಅಂದರು ಡಾಕ್ಟರು.

ಕೈಕಾಲು ಬೇಗ ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಏನು ಹೇಳಬೇಕು ಅನ್ನುವುದೂ ಗೊತ್ತಿರುತ್ತದೆ, ಬಾಯಿಗೆ ಬರುವಾಗ ಬೇರೆಯದೇ ಬರುತ್ತದೆ. ನೀರು ಕೇಳಲು ಹೋಗಿ ಬೀಗ ಅನ್ನುತ್ತಾರೆ. ತಲೆ ಅಲ್ಲಾಡಿಸಿ ಮತ್ತೆ ಪ್ರಯತ್ನಿಸುತ್ತಾರೆ, ಮತ್ತೆ ಬೀಗ. ವರ್ಷಗಟ್ಟಲೆ ಕೂಗಿ ನಾಲಿಗೆಗೆ ಅಂಟಿಹೋದ "ಒಂದು ಸಲ, ಎರಡು ಸಲ, ಮೂರು ಸಲ" ಮತ್ತು ಸಿಟ್ಟಿನ ಒಂದೆರಡು ಮಾತು, ಇಷ್ಟು ಮಾತ್ರ ಹಳೆಯ ಗತ್ತಿನಲ್ಲೇ ಹೊರಬರುತ್ತಿದ್ದವು. ಅವು ಮೆದುಳಿನ ಬೇರೆ ಕಡೆ ಇರುತ್ತವೆ, ತಾವಾಗಿಯೇ ಉರುಳಿಬರುತ್ತವೆ ಅಂತ ಮಾತು ಕಲಿಸುವ ಡಾಕ್ಟರಮ್ಮ ವಿವರಿಸಿದರು.

ಹೀಗಾಗಿ ಇಬ್ಬರ ಮಾತನ್ನೂ ಅಕ್ಕನೇ ಆಡುವಂತಾಯಿತು. "ಅವರಿಗೆ ಹಸಿವಿಲ್ಲ." "ಅವರಿಗೆ ಸೆಖೆ ಆಗ್ತಿದೆ, ಕಿಟಕಿ ತೆಗಿ." ಅರ್ಧ ಸರಿ, ಅರ್ಧ ತಪ್ಪು. ತಪ್ಪಾದಾಗ ಭಾವ ಮೊದಮೊದಲು ಕೈ ಆಡಿಸಿ ಬೇಡ ಅನ್ನುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ಆಸ್ಪತ್ರೆಯ ನೆಲಮಹಡಿಯ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಒಂದು ಆಟ ಶುರುಮಾಡುತ್ತೇನೆ ಅಂದರು ಡಾಕ್ಟರಮ್ಮ. ಮೇಜಿನ ಸುತ್ತ ಕೂತು ಆಡುವ ಕಥೆ. ಅವರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗಬೇಕು, ಏನು ಮಾಡುತ್ತೇವೆ ಅಂತ ಬಾಯಿಬಿಟ್ಟು ಹೇಳಬೇಕು. ಆಯಿತೋ ಇಲ್ಲವೋ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಒಂದು ಜಾಗ ಖಾಲಿ ಇತ್ತು ಅಂತ ನನ್ನನ್ನೂ ಕೂರಿಸಿದರು. ಅಕ್ಕ ಭಾವನ ಹಿಂದೆ ಕುರ್ಚಿ ಎಳೆದುಕೊಂಡಳು.

ಮೊದಲ ದಿನ ಪಾತ್ರ ಆರಿಸುವ ಕೆಲಸ. ಡಾಕ್ಟರಮ್ಮ ಚಿತ್ರದ ಕಾರ್ಡುಗಳನ್ನು ಹರಡಿದರು. ಯೋಧ, ಕಳ್ಳ, ವೈದ್ಯ, ಮಾಂತ್ರಿಕ. ತಲೆಗೆ ಏಟು ಬಿದ್ದು ಮರೆವು ಹತ್ತಿದ್ದ ಕಂಡಕ್ಟರಮ್ಮ ಮೊದಲು ಕೈ ಹಾಕಿದರು. "ಬಾಗಿಲಲ್ಲಿ ನೇತಾಡೋ ಗಂಡಸರನ್ನೆಲ್ಲ ಬರೀ ಸೀಟಿ ಊದಿ ಒಳಗೆ ಕಳಿಸಿದವಳು ನಾನು. ಕತ್ತಿ ಬೇರೆ ಕೊಡ್ತೀರಾ? ಕೊಡಿ ಇಲ್ಲಿ!" ಬಲಗೈ ಸ್ವಾಧೀನ ತಪ್ಪಿದ್ದ ಕ್ಷೌರದಂಗಡಿಯವರು ಕಳ್ಳನನ್ನು ಎತ್ತಿಕೊಂಡು, "ಕತ್ತರಿಯಂತೂ ಹಿಡಿಯೋಕಾಗಲ್ಲ, ಜೇಬಾದ್ರೂ ಕತ್ತರಿಸೋಣ" ಅಂದರು. ವೈದ್ಯನನ್ನು ನನ್ನ ತಲೆಗೆ ಕಟ್ಟಿದರು.

ಭಾವ ಕಾರ್ಡುಗಳನ್ನು ನೋಡುತ್ತಲೇ ಇದ್ದರು. ಅಕ್ಕ ಮುಂದೆ ಬಾಗಿ, "ಇವರಿಗೂ ಯೋಧನೇ ಇರಲಿ ಡಾಕ್ಟ್ರೇ. ಕತ್ತಿ ಬೀಸಿದ್ರೆ ಆಯ್ತು, ಮಾತಿನ ರಗಳೆ ಇಲ್ಲ" ಅಂದಳು.

"ಅವರೇ ಹೇಳಲಿ ಅಮ್ಮ."

ಭಾವನ ಕೊರಳ ನರ ಉಬ್ಬಿತು. "ಮಾ... ಮಾವಿ... ಮಾಳಿಗೆ." ಕಣ್ಣು ಮುಚ್ಚಿದರು. ಮತ್ತೆ, "ಮಾಳಿಗೆ." ಕೊನೆಗೆ ಅಂಗೈಯನ್ನು ಮಾಂತ್ರಿಕನ ಮೇಲೆ ಇಟ್ಟರು.

ಡಾಕ್ಟರಮ್ಮ ಸ್ವಲ್ಪ ತಡವರಿಸಿದರು. "ಸರ್, ಮಾಂತ್ರಿಕ ಮಂತ್ರದ ಪದಾನ ದನಿ ತೆಗೆದು ಹೇಳಬೇಕು. ಈ ಗಾಜಿನ ಬುಡ್ಡಿಯ ಮರಳು ಇಳಿಯೋದ್ರೊಳಗೆ. ಇದು ತುಂಬಾ ಕಷ್ಟ. ಇನ್ನೊಂದು ಆಟಕ್ಕೆ ಇಟ್ಟುಕೊಳ್ಳೋಣವಾ?"

ಭಾವ ಕೈ ತೆಗೆಯಲಿಲ್ಲ.

"ಅವರಿಗೆ ಅರ್ಥ ಆಗಿಲ್ಲ ಡಾಕ್ಟ್ರೇ" ಅಂತ ಅಕ್ಕ ಕಾರ್ಡಿಗೆ ಕೈ ಚಾಚಿದಳು.

"ಬಾಯ್ಮುಚ್ಚೇ!"

ಕೋಣೆ ಕಂಪಿಸಿತು. ಅದೇ ಹಳೆಯ ದನಿ, ಒಂದಕ್ಷರವೂ ಮುಕ್ಕಾಗಿರಲಿಲ್ಲ. ಮದುವೆಯಾದಂದಿನಿಂದ ಅವರು ಅಕ್ಕನಿಗೆ ಹಾಗೆ ಅಂದಿದ್ದೇ ಇಲ್ಲ. ಕಂಡಕ್ಟರಮ್ಮ ಮೆಲ್ಲಗೆ, "ಅರ್ಥ ಆಗಿದೆ ಅಂತ ಕಾಣುತ್ತೆ" ಅಂದರು. ಕ್ಷೌರದಂಗಡಿಯವರು ನಗು ತಡೆದುಕೊಂಡು ಕೆಮ್ಮಿದರು. ಭಾವನ ಮುಖ ಮಾತ್ರ ಬಿಳಿಚಿಹೋಗಿತ್ತು. ತಿರುಗಿ ಅಕ್ಕನ ಕೈ ಹಿಡಿದು ಏನೋ ಹೇಳಹೊರಟರು. ತಪ್ಪಾಯ್ತು ಅನ್ನಲು ಅಂತ ನಮಗೆಲ್ಲ ಗೊತ್ತಾಗುತ್ತಿತ್ತು. ಬಂದದ್ದು, "ಒಂದು ಸಲ... ಎರಡು ಸಲ... ಮೂರು ಸಲ."

"ಆಯ್ತು ರೀ, ಆಯ್ತು" ಅಂದಳು ಅಕ್ಕ, ಕೈ ಬಿಡಿಸಿಕೊಳ್ಳದೆ.

ಮುಂದಿನ ವಾರ ಕಥೆ ಶುರುವಾಯಿತು. ನಾವು ನಾಲ್ವರು ಕತ್ತಲೆಯ ಗುಹೆಯೊಳಗೆ ಹೋದೆವು. ಮುಂದೆ ಕಂದಕ, ಕಣ್ಣಿಗೆ ಏನೂ ಕಾಣದು. ಮಾಂತ್ರಿಕ "ಬೆಳಕು" ಅಂದರೆ ಕೋಲಿನ ತುದಿ ಹೊತ್ತಿಕೊಳ್ಳುತ್ತದೆ. ಡಾಕ್ಟರಮ್ಮ ಗಾಜಿನ ಬುಡ್ಡಿ ತಿರುಗಿಸಿಟ್ಟರು.

"ಬೆ..." ಅಂದರು ಭಾವ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. "ಬೆ... ಬೆಕ್ಕು."

ಯಾರೂ ನಗಲಿಲ್ಲ. ಮರಳು ಇಳಿಯುತ್ತಿತ್ತು. ಅಕ್ಕನ ತುಟಿ ತಾನಾಗಿಯೇ ಆ ಪದಕ್ಕೆ ತೆರೆದುಕೊಂಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೆಕ್ಕು. ಬೆಕ್ಕು!" ಅಷ್ಟರಲ್ಲಿ ಮರಳು ಮುಗಿಯಿತು.

ಡಾಕ್ಟರಮ್ಮನದು ಮೃದು ಮನಸ್ಸು. "ಎಲ್ಲಿಂದಲೋ ಒಂದು ಬೆಕ್ಕು ಬಂತು. ಕತ್ತಲಲ್ಲಿ ಅದರ ಕಣ್ಣು ದೀಪದ ಹಾಗೆ ಹೊಳೀತಾ ಇದೆ. ಅದರ ಹಿಂದೆ ಹೋಗಿ ನೀವೆಲ್ಲ ಕಂದಕ ದಾಟಿದ್ರಿ" ಅಂದರು. ಕಂಡಕ್ಟರಮ್ಮ ಚಪ್ಪಾಳೆ ತಟ್ಟಿದರು. "ಭಲೇ ಬೆಕ್ಕು!" ನಾನೂ ತಟ್ಟಿದೆ.

ಭಾವ ತಲೆ ಅಲ್ಲಾಡಿಸಿದರು. ಇಲ್ಲ, ಇಲ್ಲ. ಅವರು ಬೆಕ್ಕನ್ನು ಕರೆದಿರಲಿಲ್ಲ. ಗಾಜಿನ ಬುಡ್ಡಿಯನ್ನು ಎತ್ತಿ ತಾವೇ ತಿರುಗಿಸಿಟ್ಟರು. ಮತ್ತೆ ಬೆಕ್ಕು ಬಂತು. ಇನ್ನೊಮ್ಮೆ ತಿರುಗಿಸಿದರು. ಬೆಳ್ಳಿ ಅಂದರು, ಬೆನ್ನು ಅಂದರು. "ಸಾಕು ಸರ್, ಆಗಲೇ ದಾಟಿದ್ದೀವಲ್ಲ" ಅಂದರು ಡಾಕ್ಟರಮ್ಮ. ಭಾವನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಮಳೆಗಾಲವೆಲ್ಲ ಆ ಕಥೆ ನಡೆಯಿತು. ಭಾವ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಆ ಪದವನ್ನು ಅಭ್ಯಾಸ ಮಾಡಿದರು. ಅಕ್ಕ ಹೇಳಿಕೊಟ್ಟರೆ ಹಿಂದೆಯೇ "ಬೆಳಕು" ಅನ್ನುತ್ತಿದ್ದರಂತೆ, ಸ್ಪಷ್ಟವಾಗಿ. ಮೇಜಿನ ಮುಂದೆ ಕೂತರೆ ಮಾತ್ರ ಅದು ಮಾಯ. ಒಮ್ಮೆ ಕಂಡಕ್ಟರಮ್ಮನ ಯೋಧ ಕತ್ತಲಲ್ಲಿ ಬಾಣ ತಗುಲಿ ಸತ್ತೇಹೋದ. "ಹೋಗ್ಲಿ ಬಿಡಿ ಅಣ್ಣಾ, ನನಗಂತೂ ನಾಳೆಗೆ ನೆನಪಿರಲ್ಲ" ಅಂತ ಅವರು ತಮಾಷೆ ಮಾಡಿದರು. ಭಾವ ಅಂದು ಕಾರಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿದ್ದರು.

ಎರಡನೇ ಕಥೆಗೆ ಡಾಕ್ಟರಮ್ಮ ಮತ್ತೆ ಕಾರ್ಡು ಹರಡಿದರು. ಭಾವ ಈ ಸಲ ಯೋಚಿಸಲಿಲ್ಲ. ಯೋಧನ ಕಾರ್ಡನ್ನು ಎಳೆದುಕೊಂಡು ತಮ್ಮ ಮುಂದೆ ಇಟ್ಟುಕೊಂಡರು.

ಅಕ್ಕ ಎದ್ದು ನಿಂತಳು. "ಅದು ಬೇಡ ರೀ. ನಿಮಗೆ ಬೇಕಾಗಿದ್ದು ಅದಲ್ಲ. ಡಾಕ್ಟ್ರೇ, ಅವರಿಗೆ ಅದು ಬೇಡ." ಮಾಂತ್ರಿಕನ ಕಾರ್ಡನ್ನು ಅವರ ಕೈಗೆ ತುರುಕಲು ನೋಡಿದಳು. ಭಾವ ಅದನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಕೂತುಕೋ ಅಂತ ಅವಳಿಗೆ ಕುರ್ಚಿ ತೋರಿಸಿದರು. ಅವಳು ನನ್ನ ಕಡೆ ನೋಡಿದಳು. ನಾನು ನನ್ನ ಹಳೆಯ ವೈದ್ಯನನ್ನೇ ಎತ್ತಿಕೊಂಡೆ.

ಭಾವ ಈಗ ಒಳ್ಳೆಯ ಯೋಧ. ದಾಳ ಅವರ ಕೈಗೆ ಒಲಿದಿದೆ, ಬೀಸಿದ ಏಟು ಹುಸಿಹೋಗುವುದು ಕಡಿಮೆ. ಗೆದ್ದಾಗ ನಗುತ್ತಾರೆ ಕೂಡ. ಮಾಂತ್ರಿಕನನ್ನು ಕ್ಷೌರದಂಗಡಿಯವರು ತೆಗೆದುಕೊಂಡಿದ್ದಾರೆ. ಗುಹೆಯೋ ನೆಲಮಾಳಿಗೆಯೋ ಬಂದಾಗ ಅವರು ಹಲ್ಲಿಗೆ ಸಿಕ್ಕಿದ್ದೇನನ್ನೋ ತೆಗೆಯುತ್ತಾ, ಬೆಳಕಿನ ಪದವನ್ನು ಹಾಗೇ ಅಂದುಬಿಡುತ್ತಾರೆ, ಆಟ ಮುಂದೆ ಸಾಗುತ್ತದೆ. ಆ ಹೊತ್ತಿಗೆ ಅಕ್ಕ ಚೀಲದಲ್ಲಿ ಏನನ್ನೋ ಹುಡುಕುತ್ತಿರುತ್ತಾಳೆ.