ಹುಡುಗ ಹೆಂಗ ಅದಾನ್ರಿ?

ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದುದು ಮಾತಾಡುವುದನ್ನು. ಪಾಠದ ಹೆಸರು ಸಂವಹನ. ನಿಜ ಹೇಳಿರಿ, ತಿಳಿಯುವಂತೆ ಹೇಳಿರಿ, ನೋಯದಂತೆ ಹೇಳಿರಿ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಖಡು ಸವೆಸಿದೆ. ನಿವೃತ್ತನಾಗಿ ರಾಮದುರ್ಗದ ಮನೆಯಲ್ಲಿ ಕುಳಿತ ಮೇಲೆ ಗೊತ್ತಾಯಿತು, ಈ ಮೂರನ್ನೂ ಒಂದೇ ಬಾಯಲ್ಲಿ ಹಿಡಿಸುವುದು ಬಲು ಕಷ್ಟ. ನನ್ನ ಹೆಂಡತಿಗೆ ಇದು ಮೊದಲೇ ಗೊತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲು ನಾನು ಉಪ್ಪಿನ ಸತ್ಯಾಗ್ರಹದಿಂದ ಶುರು ಮಾಡುತ್ತೇನೆಂದು ಆಕೆಯ ದೂರು.

ನಮ್ಮ ಕಡೆ ಸಂಬಂಧ ಗಟ್ಟಿಯಾಗುವ ಮೊದಲು ಹೆಣ್ಣಿನವರು ಹುಡುಗನ ಓಣಿಗೆ ಬಂದು ವಿಚಾರಿಸುತ್ತಾರೆ. ಹುಡುಗನ ಮನೆಗಲ್ಲ, ಬಾಜೂ ಮನೆಗೆ. ಬಂದವರು ಒಮ್ಮೆಲೇ ಕೇಳುವುದಿಲ್ಲ. ಮೊದಲು ಮಳೆ, ಆಮೇಲೆ ಜೋಳ, ಆಮೇಲೆ ಮಲಪ್ರಭೆಯ ನೀರು. ಚಹಾದ ಕಪ್ಪು ಕೆಳಗಿಟ್ಟ ಮೇಲೆ, ಈಗಷ್ಟೇ ನೆನಪಾದವರಂತೆ, ಹುಡುಗ ಹೆಂಗ ಅದಾನ್ರಿ ಎನ್ನುತ್ತಾರೆ. ಉತ್ತರವೂ ತಯಾರಿರುತ್ತದೆ: ಬಂಗಾರ ಅದಾನ್ರಿ. ನಮ್ಮ ಓಣಿಯಲ್ಲಿ ಬಂಗಾರವಲ್ಲದ ಹುಡುಗನನ್ನು ನಾನಿನ್ನೂ ಕಂಡಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ಹಿರಿಯರು, ಆ ಸಾವಿರದ ಜೊತೆ ಆಮೇಲೆ ಬಾಳುವವರು ಯಾರೆಂದು ಹೇಳಲಿಲ್ಲ. ಈ ಗಾದೆ ಕಟ್ಟಿದವರು ಬಹುಶಃ ಯಾರದೋ ಬಾಜೂ ಮನೆಯವರೇ ಇರಬೇಕು.

ನಮ್ಮ ಬಾಜೂ ಮನೆಯ ಗಂಗವ್ವನ ಮಗ ಮಹಾಂತೇಶ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ಒಳ್ಳೆಯ ಹುಡುಗ, ಓಣಿಯ ಬಂಗಾರದ ಲೆಕ್ಕದಲ್ಲಲ್ಲ, ನಿಜವಾಗಿಯೂ. ಆದರೆ ಉಗ್ಗುತ್ತಾನೆ. ಅದರಿಂದಲೇ ಎರಡು ಸಂಬಂಧ ಮುರಿದಿದ್ದವು. ಹಾಗಾಗಿ ಕಟಕೋಳಕ್ಕೆ ಹೆಣ್ಣು ನೋಡಲು ಹೋದಾಗ ಗಂಗವ್ವ ಮಗನಿಗೆ ತುಟಿ ಪಿಟಕ್ಕೆನ್ನಬೇಡ ಎಂದು ತಾಕೀತು ಮಾಡಿ, ಅವನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟು ಬಂದಿದ್ದಳು. ಮರುದಿನ ನಮ್ಮಲ್ಲಿಗೆ ಬಂದು, ಯಾರಾದರೂ ವಿಚಾರಿಸಲು ಬಂದರೆ ಉಗ್ಗಿನ ಸುದ್ದಿ ತೆಗೆಯಬೇಡಿ ಎಂದು ಅಂಗಲಾಚಿದಳು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಸುಮ್ಮನೆ ತಲೆಯಾಡಿಸಿದೆ. ಆಕೆ ಹೂಂ ಎಂದು ತಿಳಿದು ಹೋದಳು.

ಅದೇ ವಾರ ಹುಡುಗಿಯ ಸೋದರಮಾವ ಶಿವಪ್ಪ ಬಂದರು. ಮಳೆ, ಜೋಳ, ಮಲಪ್ರಭೆ ಮುಗಿದವು. ಕಪ್ಪು ಕೆಳಗಿಟ್ಟರು. ಕೇಳಿದರು.

ನನಗೆ ನಿಜಕ್ಕೂ ಸಂಕಟವಾಯಿತು. ಮುಚ್ಚಿಟ್ಟರೆ ನಾನು ಕಂಡೇ ಇರದ ಹುಡುಗಿಗೆ ಮೋಸ; ಹೇಳಿದರೆ ಕಣ್ಣೆದುರೇ ಬೆಳೆದ ಹುಡುಗನಿಗೆ ಮೂರನೆಯ ಪೆಟ್ಟು. ಇಂಥ ಹೊತ್ತಿನಲ್ಲಿ ಕಲಿತವರು ಮಾಡುವುದನ್ನೇ ಮಾಡಿದೆ, ಭಾಷಣ ಶುರು ಮಾಡಿದೆ. ಮಾತು ಬೆಳ್ಳಿ, ಮೌನ ಬಂಗಾರ ಎಂದೆ. ಋಷಿಗಳು ಮೌನದಲ್ಲೇ ದೊಡ್ಡವರಾದರು ಎಂದೆ. ಕೈ ಚುರುಕಿದ್ದವನಿಗೆ ಬಾಯಿಯ ಹಂಗೇಕೆ ಎಂದೂ ಕೇಳಿದೆ. ಒಂದಾದರೂ ಸುಳ್ಳು ಆಡಿದ್ದರೆ ಕೇಳಿ! ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಶಿವಪ್ಪನವರ ಮುಖ ಮಾತ್ರ ಇಳಿಯುತ್ತ ಬಂತು.

"ಅಂದ್ರ, ಹುಡುಗ ಮೂಗ ಅದಾನ ಏನ್ರಿ ಸರ್?"

ಒಂದೂ ಸುಳ್ಳಾಡದೆ ನಾನು ಉಗ್ಗುವವನನ್ನು ಮೂಗನನ್ನಾಗಿ ಮಾಡಿದ್ದೆ. ಇನ್ನು ಒಂದು ಮಾತಾಡಿದರೆ ಕಿವುಡನೂ ಆದಾನು ಎಂದು ಹೆದರಿಕೆಯಾಯಿತು. ಆಗ ಹೊಳೆಯಿತು, ಇದು ಮುಚ್ಚಿಡಲು ಗಂಗವ್ವನದೂ ಅಲ್ಲ, ಬಿಚ್ಚಿಡಲು ನನ್ನದೂ ಅಲ್ಲ. ಎದ್ದು ಗೋಡೆಯ ಮೇಲಿಂದ ಮಹಾಂತೇಶನನ್ನು ಕೂಗಿದೆ.

ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದ. ಹಿಂದೆಯೇ ಗಂಗವ್ವ, ಬಾಯಿಗೆ ಸೆರಗು ಹಿಡಿದು. ಇವರು ನಿನ್ನ ಮಾತಿನ ಬಗ್ಗೆ ಕೇಳುತ್ತಿದ್ದಾರೆ, ನೀನೇ ಹೇಳಪ್ಪ ಎಂದೆ. ಅವನು ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಶಿವಪ್ಪನವರ ಕಡೆ ತಿರುಗಿದ.

"ನಾ... ನಾ ಉ... ಉಗ್ಗತೇನ್ರಿ. ಸ್ವಲ್ಪ ತಡದ್ರ, ಮಾ... ಮಾತು ಬರತೈತ್ರಿ."

ನಿಜ ಇತ್ತು, ತಿಳಿಯುವಂತಿತ್ತು, ಯಾರಿಗೂ ನೋವಾಗಲಿಲ್ಲ. ಶಿವಪ್ಪ ದೊಡ್ಡದೊಂದು ಉಸಿರುಬಿಟ್ಟು ಗೋಡೆಗೆ ಒರಗಿದರು. ಆಮೇಲೆ ನಗತೊಡಗಿದರು. ಹುಡುಗಿಗೆ, ಅಂದರೆ ಅವರ ಸೋದರಸೊಸೆ ಸಾವಿತ್ರಿಗೆ, ಬಾಯಿ ಜಾಸ್ತಿಯಂತೆ. ಎದುರಿನವರ ಮಾತನ್ನು ಮುಗಿಯಗೊಡುವುದಿಲ್ಲವಂತೆ. ಅದಕ್ಕೇ ಒಂದು ಸಂಬಂಧ ತಪ್ಪಿದ್ದರಿಂದ, ಇವರು ನೋಡಲು ಹೋದ ದಿನ ಮನೆಯವರೆಲ್ಲ ಸೇರಿ ಆಕೆಯನ್ನೂ ಹೆದರಿಸಿ ಸುಮ್ಮನೆ ಕೂಡಿಸಿದ್ದರಂತೆ. ಅದನ್ನು ಕೇಳಿ ಗಂಗವ್ವನ ಸೆರಗು ಬಾಯಿಂದ ಜಾರಿತು. ಹುಡುಗಿ ಮೂಗಿಯೋ ಏನೋ ಎಂದು ಆಕೆಯೂ ಅಂದಿನಿಂದ ನಿದ್ದೆಗೆಟ್ಟಿದ್ದಳು. ಹೆಂಡತಿ ಯಾರೂ ಕೇಳದೆ ಇನ್ನೊಂದು ಸುತ್ತು ಚಹಾ ತಂದಳು.

ಈಗ ಅವರೇ ಮಾತಾಡಿಕೊಳ್ಳಲಿ ಎಂದು ಶಿವಪ್ಪ ಮನೆಗೆ ಫೋನು ಹಚ್ಚಿ, ಸಾವಿತ್ರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ, ಸ್ಪೀಕರ್ ಹಾಕಿ ಮಹಾಂತೇಶನ ಕೈಗಿತ್ತರು. ಅವನು "ನಾ... ನಾ..." ಎಂದು ನಿಂತ. ಮೇಷ್ಟ್ರ ಚಾಳಿ, ಅವನ ಮಾತು ನಾನೇ ಮುಗಿಸಿಕೊಡೋಣವೆಂದು ಬಾಯಿ ತೆರೆದೆ. ಶಿವಪ್ಪ ಕೈಯೆತ್ತಿ ತಡೆದರು. ಫೋನಿನ ಆ ಕಡೆಯಿಂದ ಸದ್ದೇ ಇಲ್ಲ.

"ನಮ್ಮ ಸಾವಿತ್ರಿ ಇಷ್ಟೊತ್ತ ಸುಮ್ನ ಇದ್ದದ್ದು ನಾ ನೋಡೇ ಇಲ್ರಿ," ಎಂದು ಪಿಸುಗುಟ್ಟಿದರು. "ಕಾಯಾಕತ್ತಾಳ."

ಕೇಳಿಸಿಕೊಳ್ಳುವುದು ನನ್ನ ಪಾಠದ ಕೊನೆಯ ಅಧ್ಯಾಯವಾಗಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಪ್ರತಿವರ್ಷ ಅದನ್ನು ಬಿಟ್ಟುಬಿಡುತ್ತಿದ್ದೆ.